ಅಂಗಳದ ನಡುವಿನ ಕಲ್ಲುಸಾಲು

ಶಿರಸಿಯಿಂದ ಒಂದು 12 ಕಿಲೋಮೀಟರ್ ಒಳಗೆ ಹೋದ್ರೆ ಸಿಗೋ ನಮ್ಮ ತವರುಮನೆ ಅಂಗಳದಲ್ಲಿ ಈಗ್ಲೂ ಒಂದು ಕಲ್ಲುಸಾಲು ಇದೆ. ಹೆಬ್ಬಾಗಿಲ ಎದುರಿಗೆ ಶುರುವಾಗಿ, ತುಳಸಿಕಟ್ಟೆನ ಒಂದು ಬದಿಗೆ ಬಿಟ್ಟು, ಕೊಟ್ಟಿಗೆ ಗೋಡೆ ತನಕ ಹೋಗುತ್ತೆ. ಮುಷ್ಟಿಯಷ್ಟು ದಪ್ಪದ ಜಂಬಿಟ್ಟಿಗೆ ಚೂರುಗಳು, ಅಷ್ಟೆ, ಕಾಲಲ್ಲಿ ಒದ್ರೆ ಹಾರಿ ಹೋಗೋವಂಥವು. ಅಪ್ಪಯ್ಯನ ಚಾಲಿ ಅಡಿಕೆ ಈ ಕಡೆ ಒಣಗ್ಬೇಕು, ದೊಡ್ಡಪ್ಪಂದು ಆ ಕಡೆ, ಒಂದೇ ಒಂದು ಅಡಿಕೆನೂ ಉರುಳಿ ಆಚೆ ಹೋಗ್ಬಾರ್ದು ಅಂತ 1989ರ ಬೇಸಿಗೆಯಲ್ಲಿ ಇಟ್ಟಿದ್ದು. ಈಗ ಅಪ್ಪಯ್ಯನೂ ಇಲ್ಲ ದೊಡ್ಡಪ್ಪನೂ ಇಲ್ಲ. ಪ್ರತಿ ವರ್ಷ ಮಳೆಗಾಲ ಮುಗಿದ್ಮೇಲೆ ಅಂಗಳ ಕೆತ್ತಿ ಸಗಣಿ ಸಾರಿಸೋವಾಗ ಆ ಕಲ್ಲುಗಳನ್ನ ಎತ್ತಿ ಪಕ್ಕಕ್ಕಿಟ್ಟು, ಒಣಗಿದ್ಮೇಲೆ ಮತ್ತೆ ಅದೇ ಜಾಗಕ್ಕೆ ಇಡ್ತಾರೆ, ಯಾರು ಇಡೋದು ಅಂತ ಕೇಳಿದ್ರೆ ಕೆಲಸಕ್ಕೆ ಬರೋ ಹೆಂಗಸ್ರು "ಮೊದಲಿಂದ ಹಂಗೇ ಅಲ್ವಾ ಅಮ್ಮಾ" ಅಂತಾರೆ.

ಆ ವರ್ಷ ನಾನು ಏಳನೇ ಕ್ಲಾಸು. ಕೋರ್ಟಿನ ಅಮೀನ ಬಂದು ಸಮನ್ಸ್ ಕೊಟ್ಟಿದ್ದು ಮಧ್ಯಾಹ್ನ ಊಟದ ಹೊತ್ತು. ನಮ್ಮಲ್ಲಿ ಯಾರೇ ಮನೆಗೆ ಬಂದ್ರೂ ಆಸ್ರಿಗೆ, ಅಂದ್ರೆ ಕುಡಿಯೋಕೆ ಏನು ಬೇಕು ಅಂತ, ಕೇಳ್ದೆ ಕಳಿಸೋ ಪದ್ಧತಿ ಇಲ್ಲ, ಹಾಗಾಗಿ ಆಯಿ, ಅಂದ್ರೆ ನನ್ನ ಅಮ್ಮ, ಅವ್ರಿಗೂ ಮಜ್ಜಿಗೆ ಕೊಟ್ಲು, ಅವ್ರು ಕುಡಿದು ಲೋಟ ಕೆಳಗಿಟ್ಟು ಕಾಗದಕ್ಕೆ ಸಹಿ ಹಾಕಿಸ್ಕೊಂಡು ಹೋದ್ರು. ಒಂದೇ ಸೂರಿನ ಕೆಳಗೆ, ನಡುವೆ ಒಂದು ಗೋಡೆ ಅಷ್ಟೇ ಇದ್ದ ಅಣ್ಣ ತಮ್ಮ, ಒಬ್ಬ ವಾದಿ ಇನ್ನೊಬ್ಬ ಪ್ರತಿವಾದಿ ಆದ್ರು. ಅವತ್ತು ರಾತ್ರಿಯಿಂದ ಅಜ್ಜಿಗೆ ಯಾರ ಪಂಕ್ತಿಯಲ್ಲಿ ಕೂತು ಉಣ್ಣೋದು ಅನ್ನೋದೇ ಸಮಸ್ಯೆ. ಕೊನೆಗೆ ಅವಳು ತಟ್ಟೆ ತಗೊಂಡು ಒಳಗಿನ ಬಾಗಿಲ ಹತ್ರ ಒಬ್ಳೇ ಕೂರೋಕೆ ಶುರುಮಾಡಿದ್ಲು.

ಹಿಸ್ಸೆ ದಾವೆ, ಅಂದ್ರೆ ಆಸ್ತಿ ಪಾಲು ಮಾಡಿಕೊಡಿ ಅಂತ ಹಾಕೋ ಕೇಸು, ಹೇಗೆ ನಡೆಯುತ್ತೆ ಅಂತ ಗೊತ್ತಿಲ್ದವ್ರಿಗೆ ಒಂಚೂರು ಹೇಳ್ತೀನಿ, ಯಾಕಂದ್ರೆ ತುಂಬಾ ಜನ ತೀರ್ಪು ಬಂದ್ರೆ ಮುಗೀತು ಅಂದ್ಕೊಂಡಿರ್ತಾರೆ. ಮೊದ್ಲು ಬರೋದು ಪ್ರಿಲಿಮಿನರಿ ಡಿಕ್ರಿ, ಅದ್ರಲ್ಲಿ ಯಾರಿಗೆ ಎಷ್ಟನೇ ಒಂದು ಪಾಲು ಅಂತ ಮಾತ್ರ ಇರುತ್ತೆ. ಆಮೇಲೆ ಫೈನಲ್ ಡಿಕ್ರಿಗೆ ಅಂತ ಮತ್ತೆ ಅರ್ಜಿ, ಕಂದಾಯದ ಜಮೀನಾದ್ರೆ ಡಿಸಿ ಕಚೇರಿಗೆ ಹೋಗಿ ಅಲ್ಲಿಂದ ತಹಶೀಲ್ದಾರ್, ಸರ್ವೆಯವ್ರು, ಮನೆ ಆದ್ರೆ ಕಮಿಷನರ್ ನೇಮಕ. ನಮ್ಮ ಕೇಸಲ್ಲಿ ಮೊದಲ್ನೇ ಡಿಕ್ರಿ ಬಂದಿದ್ದು 1997ರಲ್ಲಿ. ಅದ್ರ ಮೇಲೆ ಕಾರವಾರಕ್ಕೆ ಅಪೀಲು, ಅದು ಮುಗಿದ್ಮೇಲೆ ಬೆಂಗಳೂರಿಗೆ, ಯಾಕಂದ್ರೆ ಧಾರವಾಡದಲ್ಲಿ ಹೈಕೋರ್ಟ್ ಪೀಠ ಶುರುವಾಗಿದ್ದೇ 2008ರಲ್ಲಿ. ಅಪ್ಪಯ್ಯ ವಾಯ್ದೆ ಇದ್ದ ದಿನ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಶಿರಸಿಗೆ ಹೋಗಿ, ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ಸು ಬದಲಿಸಿ, ಅಂಕೋಲಾ ದಾಟಿ ಕಾರವಾರ ಮುಟ್ಟೋ ಹೊತ್ತಿಗೆ ಎಷ್ಟೋ ಸಲ ಕೇಸು ಕರೆದು ಮುಂದಿನ ತಾರೀಕು ಕೊಟ್ಟಾಗಿರ್ತಿತ್ತು. ಅದೇ ಬಸ್ಸಲ್ಲಿ ಎರಡು ಸೀಟು ಹಿಂದೆ ದೊಡ್ಡಪ್ಪ. ಒಂದೇ ಊರಿಂದ ಒಂದೇ ಕೋರ್ಟಿಗೆ ಹೋಗೋವ್ರಿಗೆ ಬೇರೆ ಬೇರೆ ಬಸ್ಸು ಎಲ್ಲಿಂದ ಬರ್ಬೇಕು. ಇಬ್ರೂ ಕವಳದ (ಎಲೆ ಅಡಿಕೆ) ಚೀಲ ಹಿಡ್ಕೊಂಡು ಕಿಟಕಿ ಆಚೆ ನೋಡ್ತಾ ಮಾತಿಲ್ದೆ ಹೋಗಿ ಮಾತಿಲ್ದೆ ಬರೋವ್ರು.

ಫೈನಲ್ ಡಿಕ್ರಿ 2012ರಲ್ಲಿ ಆಯ್ತು. ಅಪ್ಪಯ್ಯ ಹೋಗಿ ಮೂರು ವರ್ಷ ಆಗಿತ್ತು.

ಆದ್ರೆ ನನ್ನ ಮನಸ್ಸಲ್ಲಿ ಉಳಿದಿರೋದು ವರ್ಷಗಳ ಲೆಕ್ಕಕ್ಕಿಂತ ತೋಟದ ಕಾಲುವೆ. ಅಡಿಕೆ ತೋಟ ಮಾಡಿದವ್ರಿಗೆ ಗೊತ್ತಿರುತ್ತೆ, ನಮ್ಮ ಕಡೆ ತೋಟ ಇರೋದು ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ, ಬಸಿಗಾಲುವೆ ಮೇಲಿಂದ ಕೆಳಗಿನ ತನಕ ಒಂದೇ. ಮೇಲಿನ ಪಾಲಿನವ ಅವನ ಭಾಗದಲ್ಲಿ ಹೂಳು ಎತ್ತಲಿಲ್ಲ ಅಂದ್ರೆ ನೀರು ಎಲ್ಲೆಲ್ಲೋ ಹರಿದು ಕೆಳಗಿನವನ ತೋಟಕ್ಕೆ ನುಗ್ಗುತ್ತೆ, ಕೆಳಗಿನವ ಎತ್ತಲಿಲ್ಲ ಅಂದ್ರೆ ನೀರು ಕಟ್ಟಿಕೊಂಡು ಮೇಲಿನವನ ಮರದ ಬೇರು ಕೊಳೆಯುತ್ತೆ. ಕೇಸು ನಡೀತಿದ್ದ ಅಷ್ಟೂ ವರ್ಷ ಇಬ್ರೂ ಎತ್ತಲಿಲ್ಲ, ಯಾಕಂದ್ರೆ ಯಾರ ಪಾಲಿಗೆ ಯಾವುದು ಬರುತ್ತೋ ಗೊತ್ತಿಲ್ಲ, ಇನ್ನೊಬ್ಬನ ತೋಟಕ್ಕೆ ನಾನ್ಯಾಕೆ ಖರ್ಚು ಮಾಡ್ಲಿ ಅಂತ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸೋದೂ ಹಾಗೇ, ಇವ್ರು ಹೊಡೆಸಿದ ದಿನ ಅವ್ರು ಹೊಡೆಸಲ್ಲ. ಕೋರ್ಟು ಸರ್ವೆ ನಂಬರ್ ಪಾಲು ಮಾಡ್ತು, ಗುಂಟೆ ಆಣೆ ಲೆಕ್ಕ ಸಮೇತ, ಅದ್ರಲ್ಲಿ ಒಂದು ತಪ್ಪೂ ಇರ್ಲಿಲ್ಲ ಅಂತ ಈಗ್ಲೂ ಹೇಳ್ತೀನಿ. ಆದ್ರೆ ನೀರನ್ನ ಹೇಗೆ ಪಾಲು ಮಾಡೋದು. ಸೊಪ್ಪಿನ ಬೆಟ್ಟಾನೂ ಹಾಗೇ ಉಳೀತು, ಬೆಟ್ಟ ನಮ್ಮ ಸ್ವಂತದ್ದಲ್ಲ, ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರೋ ಸೌಲಭ್ಯ ಮಾತ್ರ, ಹಾಗಾಗಿ ಬೆಟ್ಟದ ದಾರಿ ಜಗಳ ಡಿಕ್ರಿ ಆದ್ಮೇಲೂ ಮುಂದುವರೀತು.

ಆಗ ಯಾಕೆ ಕೂತು ಮಾತಾಡಲಿಲ್ಲ ಅಂತ ನಾನು ದೊಡ್ಡವಳಾದ್ಮೇಲೆ ಆಯಿ ಹತ್ರ ಕೇಳಿದ್ದೆ. ಮಾತಾಡಿದ್ರು, ಪಂಚಾತಿಗೆ ಆಗಿತ್ತು, ಮೂರು ಸಲ ಅಂದ್ಲು. ಊರಿನ ನಾಲ್ಕು ಜನ ಹಿರಿಯರು ಜಗಲಿ ಮೇಲೆ ಕವಳದ ಬಟ್ಟಲು ನಡುವೆ ಇಟ್ಕೊಂಡು ಕೂತಿದ್ರು, ಚೀಟಿ ಎತ್ತೋಣ ಅಂದ್ರು, ಹಳೇ ಮನೆ ಒಬ್ರಿಗೆ, ಹೊಸ ಮನೆ ಕಟ್ಟಿಕೊಳ್ಳೋಕೆ ಇನ್ನೊಬ್ರಿಗೆ ದುಡ್ಡು ಅಂದ್ರು. ನೀನೆಲ್ಲಿದ್ದೆ ಅಂದೆ. "ಒಳಗೆ, ಚಾ ಮಾಡ್ತಾ." ದೊಡ್ಡಮ್ಮನೂ ಒಳಗೆ, ಅಜ್ಜಿನೂ ಒಳಗೆ. ಅಪ್ಪಯ್ಯನ ತಂಗಿ, ಅಂದ್ರೆ ನನ್ನ ಸೋದರತ್ತೆ, ಅವಳು ಗಂಡನ ಮನೆಯಲ್ಲಿ ಕುಮಟಾದಲ್ಲಿ. ಅವಳ ಕೈಯಲ್ಲಿ ಹಕ್ಕು ಬಿಟ್ಟೆ ಅಂತ ಬರೆಸ್ಕೊಂಡಿದ್ದೂ ಅದೇ ವರ್ಷ, ಒಂದು ಸೀರೆ ಉಡಿಸಿ, ಊಟ ಹಾಕಿ. ಆವಾಗಿನ ಕಾಲ ಹಾಗಿತ್ತು ಅಂತ ಎಲ್ರೂ ಹೇಳ್ತಾರೆ, ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಅಂತ ತಿದ್ದುಪಡಿ ಬಂದಿದ್ದೇ 1994ರಲ್ಲಿ, ಅದೂ ಅಲ್ಲಿವರೆಗೆ ಮದುವೆ ಆಗದವ್ರಿಗೆ ಮಾತ್ರ, ಮದುವೆ ಆದವ್ರಿಗೂ ಸೇರಿ ಬಂದಿದ್ದು 2005ರ ಕೇಂದ್ರ ತಿದ್ದುಪಡಿಯಲ್ಲಿ. ಕಾನೂನು ಬರೋ ಮೊದ್ಲೇ ಅತ್ತೆ ಸಹಿ ಹಾಕಿಯಾಗಿತ್ತು. ಆಯಿ ಆ ದಿನ ಇನ್ನೊಂದು ಮಾತು ಹೇಳಿದ್ಲು, ನಾನೂ ಅಕ್ಕನೂ (ದೊಡ್ಡಮ್ಮನ್ನ ಅವಳು ಅಕ್ಕ ಅಂತಿದ್ಲು) ಒಲೆ ಮುಂದೆ ಅರ್ಧ ತಾಸಲ್ಲಿ ಎಲ್ಲ ಬಗೆಹರಿಸಿದ್ವಿ, ಯಾರು ಎಲ್ಲಿ ಅಡಿಗೆ ಮಾಡೋದು, ಹಸು ಯಾರಿಗೆ, ಬಾವಿಯಿಂದ ಯಾರು ಎಷ್ಟೊತ್ತಿಗೆ ನೀರು ಸೇದೋದು, ದೇವರ ದೀಪ ಯಾವ ತಿಂಗಳು ಯಾರದ್ದು, ಆದ್ರೆ ಅದನ್ನ ಜಗಲಿಗೆ ತಗೊಂಡು ಹೋಗೋರು ಯಾರು.

ಈ ಮಾತು ನನ್ನನ್ನ ಬಿಡಲೇ ಇಲ್ಲ. ಹಾಗಾಗಿ ಕೋರ್ಟಿಗೆ ಹೋಗ್ಬೇಡಿ ಹಿರಿಯರ ಪಂಚಾತಿಗೆ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ನಂಗೆ ಅಷ್ಟು ಸುಲಭಕ್ಕೆ ಹೂಂ ಅನ್ನೋಕೆ ಆಗಲ್ಲ.

ಐದು ವರ್ಷದ ಹಿಂದೆ ನನ್ನ ಅಕ್ಕನ ಮಗಳ ಸಂಸಾರ ಮುರೀತು. (ಅವಳ ಒಪ್ಪಿಗೆ ತಗೊಂಡೇ ಬರೀತಿದೀನಿ, ಬರೆದಿದ್ದನ್ನ ಅವಳಿಗೆ ಓದಿಸಿದೀನಿ, ಒಂದೆರಡು ವಿವರ ಗುರುತು ಸಿಗ್ದೇ ಇರ್ಲಿ ಅಂತ ಬದಲಿಸಿದೀನಿ.) ಇಬ್ರೂ ಬೆಂಗಳೂರಲ್ಲಿ ಕೆಲಸ, ಹುಡುಗನ ಮನೆ ಕುಮಟಾ ಕಡೆ, ಒಬ್ಬ ಮಗ, ಆಗ ಆರು ವರ್ಷ. ಹೊಡೆತ ಬಡಿತ ಏನಿಲ್ಲ, ಇಬ್ರೂ ಒಳ್ಳೆಯವ್ರೇ, ಒಟ್ಟಿಗೆ ಇರೋಕಾಗ್ಲಿಲ್ಲ ಅಷ್ಟೆ, ಇದನ್ನ ಒಪ್ಪಿಕೊಳ್ಳೋಕೆ ಅಕ್ಕಂಗೆ ಒಂದು ವರ್ಷ ಬೇಕಾಯ್ತು. ಒಪ್ಪಿಕೊಂಡ ಮರುದಿನ ಅವಳಿಗೆ ಕೇಸು ಹಾಕ್ಬೇಕು. ಮೊದಲ್ನೇ ವಕೀಲರ ಹತ್ರ ಹೋಗಿ ಬಂದ್ಲು, ಅವ್ರು ನಾಲ್ಕು ಕೇಸು ಹಾಕೋಣ, ಆಗ ಅವ್ರು ದಾರಿಗೆ ಬರ್ತಾರೆ ಅಂದ್ರಂತೆ. ವಿಚ್ಛೇದನಕ್ಕೆ ಒಂದು, ಜೀವನಾಂಶಕ್ಕೆ ಒಂದು, ಮಗುವಿನ ಕಸ್ಟಡಿಗೆ ಒಂದು, ಇನ್ನೊಂದು ಕ್ರಿಮಿನಲ್.

ಇಲ್ಲಿ ನಮ್ಮ ಕಾನೂನಿನ ಒಂದು ಕಷ್ಟ ಇದೆ, ಅದು ಗೊತ್ತಾದ್ಮೇಲೆ ನಂಗೆ ತುಂಬಾ ವಿಷಯ ಅರ್ಥ ಆಯ್ತು. ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನ ಕೆಳಗೆ ಒಬ್ರೇ ವಿಚ್ಛೇದನ ಕೇಳೋದಾದ್ರೆ ಕಾರಣ ತೋರಿಸ್ಬೇಕು, ಕ್ರೌರ್ಯ, ಬಿಟ್ಟು ಹೋಗಿದ್ದು, ವ್ಯಭಿಚಾರ, ಇಂಥವು. ಸುಮ್ನೆ ನಮಗೆ ಹೊಂದಾಣಿಕೆ ಆಗ್ಲಿಲ್ಲ ಅಂದ್ರೆ ಆಗಲ್ಲ. ಮದುವೆ ಸರಿಪಡಿಸೋಕಾಗದಷ್ಟು ಮುರಿದಿದೆ ಅಂತ ವಿಚ್ಛೇದನ ಕೊಡೋ ಅಧಿಕಾರ ಸುಪ್ರೀಂ ಕೋರ್ಟಿಗೆ ಇದೆ ಅಂತ 2023ರಲ್ಲಿ ಸಂವಿಧಾನ ಪೀಠ ಹೇಳಿದ್ದು ಹೌದು, ಆದ್ರೆ ಅದು ಸುಪ್ರೀಂ ಕೋರ್ಟಿಗೆ ಮಾತ್ರ, ಶಿರಸಿ ಕೋರ್ಟಿಗಲ್ಲ. ಅಂದ್ರೆ ಒಂದು ಕಾಲಕ್ಕೆ ಒಟ್ಟಿಗೆ ಉಂಡು ಮಲಗಿದ ಮನುಷ್ಯನ್ನ ಕ್ರೂರಿ ಅಂತ ಹಾಳೆ ಮೇಲೆ ಬರೀಲೇಬೇಕು, ಬರೆದ್ರೆ ಆ ಕಡೆಯವ್ರು ಸುಮ್ನಿರ್ತಾರಾ, ಅವ್ರೂ ತಕರಾರಲ್ಲಿ ಇದಕ್ಕೆ ಎರಡರಷ್ಟು ಬರೀತಾರೆ, ಆಮೇಲೆ ಆ ಎರಡೂ ಕಾಗದ ಮಗ ದೊಡ್ಡವನಾಗೋ ತನಕ ಯಾವ್ದೋ ಕಡತದಲ್ಲಿ ಇರುತ್ತೆ.

ಎರಡನೇ ಸಲ ನಾನೇ ಅಕ್ಕನ್ನೂ ಹುಡುಗಿನೂ ಕರ್ಕೊಂಡು ಬೇರೆ ಒಬ್ರು ವಕೀಲರ ಹತ್ರ ಹೋದೆ, ಹೆಂಗಸು, ವಯಸ್ಸಾದವ್ರು. ಅವ್ರು ಅರ್ಧ ಗಂಟೆ ಬರೀ ಕೇಳಿದ್ರು. ಆಮೇಲೆ ಹೇಳಿದ್ದು: "ತಂಗೀ, ಕೇಸು ನಾಳೆನೂ ಹಾಕ್ಬೋದು, ನಾಡಿದ್ದೂ ಹಾಕ್ಬೋದು. ಹಾಕಿದ ಕೇಸನ್ನ ವಾಪಸ್ ತಗೊಂಡ್ರೂ ಅದ್ರಲ್ಲಿ ಬರೆದ ಮಾತು ವಾಪಸ್ ಬರಲ್ಲ." ಹುಡುಗಿ ಕೈಗೆ ಒಂದು ಬಿಳಿ ಹಾಳೆ ಕೊಟ್ಟು, ನಿಂಗೆ ಏನೇನು ಹೆದರಿಕೆ ಇದೆ ಅದನ್ನ ಮಾತ್ರ ಬರಿ, ಅವನ ತಪ್ಪು ಬರೀಬೇಡ ಅಂದ್ರು. ಅಕ್ಕ ಪಕ್ಕದಿಂದ ಹೇಳಿಕೊಡೋಕೆ ಹೋದ್ಲು, ಅವ್ರು ಅಕ್ಕನ್ನ ನಯವಾಗಿ ಹೊರಗೆ ಕೂರಿಸಿದ್ರು.

ಅವ್ರ ಹತ್ರಾನೇ ನಾನು ಮೊದಲ ಸಲ ಕೊಲಾಬೊರೇಟಿವ್ ಲಾ ಅನ್ನೋ ಮಾತು ಕೇಳಿದ್ದು. ಅಮೆರಿಕದ ಮಿನ್ನೆಸೋಟಾದಲ್ಲಿ ಸ್ಟು ವೆಬ್ ಅನ್ನೋ ವಕೀಲರು ವರ್ಷಗಟ್ಟಲೆ ವಿಚ್ಛೇದನದ ಕೇಸು ನಡೆಸಿ ನಡೆಸಿ ಬೇಸತ್ತು 1990ರಲ್ಲಿ ಒಂದು ತೀರ್ಮಾನ ಮಾಡಿದ್ರು, ಇನ್ಮೇಲೆ ರಾಜಿ ಮಾಡ್ಸೋಕೆ ಮಾತ್ರ ವಕೀಲ, ಹೊಡೆದಾಟಕ್ಕೆ ಕೋರ್ಟಿಗೆ ಹೋಗೋದಾದ್ರೆ ನಾನು ಕೇಸು ಬಿಡ್ತೀನಿ, ನೀವು ಬೇರೆಯವ್ರನ್ನ ಹುಡುಕ್ಕೊಳ್ಳಿ ಅಂತ. ಎರಡೂ ಕಡೆಯ ವಕೀಲರು ಇದೇ ಕರಾರಿಗೆ ಸಹಿ ಹಾಕ್ತಾರೆ. ಇದು ಮೀಡಿಯೇಶನ್ ಥರ ಅಲ್ಲ, ಅಲ್ಲಿ ನಡುವೆ ಒಬ್ರು ಮಧ್ಯಸ್ಥಗಾರರು ಇರ್ತಾರೆ, ಇಲ್ಲಿ ಇಬ್ರಿಗೂ ಅವರವರ ಪರ ಕಾನೂನು ಹೇಳೋವ್ರು ಪಕ್ಕದಲ್ಲೇ ಇರ್ತಾರೆ, ನಾಲ್ಕು ಜನ ಒಂದೇ ಮೇಜಿಗೆ ಕೂರ್ತಾರೆ. ಜಗಳ ಮುಂದುವರಿದ್ರೆ ವಕೀಲರಿಗೂ ಕೆಲಸ ಹೋಗುತ್ತೆ, ಅದೇ ಇದ್ರ ಕೀಲಿಕೈ. ನಮ್ಮಲ್ಲಿ ಇದಕ್ಕೆ ಅಂತ ಬೇರೆ ಕಾಯ್ದೆ ಇಲ್ಲ, ಆದ್ರೆ ನಾಲ್ಕು ಜನ ಸೇರಿ ಹೀಗೆ ಬರ್ಕೊಂಡು ಕೂರ್ತೀವಿ ಅಂದ್ರೆ ಬೇಡ ಅನ್ನೋವ್ರೂ ಯಾರಿಲ್ಲ. ಹುಡುಗನ ಕಡೆ ಕುಮಟಾದಲ್ಲಿ ಒಬ್ರು ವಕೀಲರು, ಇವ್ರಿಗೆ ಪರಿಚಯದವ್ರೇ, ಎರಡು ವಾರ ಯೋಚನೆ ಮಾಡಿ ಒಪ್ಪಿದ್ರು.

ಅಷ್ಟರಲ್ಲಿ ಹುಡುಗ ಬೆಂಗಳೂರಲ್ಲೇ, ಹುಡುಗಿ ಶಿರಸಿಗೆ ಬಂದು ಮನೆಯಿಂದ್ಲೇ ಕೆಲಸ ಮಾಡ್ತಿದ್ಲು. ಶನಿವಾರ ಕುಮಟಾದಲ್ಲಿ ಕೂರೋದು ಅಂತಾಯ್ತು. ಕಾರು ನಂದು, ನಾನೇ ಓಡ್ಸೋದು, ಜುಲೈ ತಿಂಗಳ ಮಳೆಯಲ್ಲಿ ದೇವಿಮನೆ ಘಟ್ಟದಲ್ಲಿ ಮುಂದಿನ ಲಾರಿಯ ಕೆಂಪು ದೀಪ ಬಿಟ್ರೆ ಏನೂ ಕಾಣ್ತಿರ್ಲಿಲ್ಲ. ಇದೇ ಘಟ್ಟ ಅಪ್ಪಯ್ಯ ಎಷ್ಟು ಸಲ ಇಳಿದಿರಬಹುದು ಅಂತ ಪ್ರತಿ ತಿರುವಿನಲ್ಲೂ ಅನ್ನಿಸ್ತಿತ್ತು. ಪಕ್ಕದ ಸೀಟಲ್ಲಿ ಹುಡುಗಿ ಫೈಲು ಮಡಿಲಲ್ಲಿಟ್ಕೊಂಡು ಒಂದೇ ಸಮನೆ ಕಾಗದ ತಿರುವಿ ಹಾಕ್ತಾ, "ಚಿಕ್ಕೀ, ಅವ್ನು ಬರ್ದೇ ಇದ್ರೆ?" ಅಂತ ಕೇಳ್ತಿದ್ಲು.

ಬಂದ. ಮೊದಲ ದಿನ ಬರೀ ಕಾಗದ. ಸಂಬಳದ ಸ್ಲಿಪ್ಪು, ಬ್ಯಾಂಕ್ ಸಾಲ, ಪಿಎಫ್, ಬಂಗಾರದ ಪಟ್ಟಿ, ಎಲ್ಲಾ ಮೇಜಿನ ಮೇಲೆ. ಕೋರ್ಟಿಗೆ ಹೋಗಿದ್ರೂ ಇದನ್ನ ಕೊಡ್ಲೇಬೇಕಿತ್ತು, ಜೀವನಾಂಶದ ಕೇಸಲ್ಲಿ ಇಬ್ರೂ ಆಸ್ತಿ ಆದಾಯದ ಅಫಿಡವಿಟ್ ಹಾಕ್ಬೇಕು ಅಂತ 2020ರಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದ್ರೆ ಅಲ್ಲಿ ಎದುರುಪಾರ್ಟಿ ಏನು ಮುಚ್ಚಿಟ್ಟಿದಾನೆ ಅಂತ ಹುಡುಕೋದೇ ಎರಡು ವರ್ಷದ ಕೆಲಸ ಆಗಿಬಿಡುತ್ತೆ. ಇಲ್ಲಿ ಒಂದು ಮಧ್ಯಾಹ್ನದಲ್ಲಿ ಮುಗೀತು. ಎರಡನೇ ಸಲ ಫ್ಲ್ಯಾಟಿನ ವಿಷಯ. ಇಬ್ರ ಹೆಸ್ರಲ್ಲೂ ಸಾಲ. ಫ್ಲ್ಯಾಟು ಅವ್ನೇ ಇಟ್ಕೊಂಡು ಕಂತು ಕಟ್ಟಲಿ ಅಂತ ಇಬ್ರೂ ಹತ್ತು ನಿಮಿಷದಲ್ಲಿ ಒಪ್ಪಿದ್ರು, ಆಗ ನಮ್ಮ ವಕೀಲರು ತಡೆದ್ರು: ನೀವಿಬ್ರು ಒಪ್ಪಿದ್ರೆ ಬ್ಯಾಂಕ್ ಒಪ್ಪಿದ ಹಾಗಲ್ಲ, ನಾಳೆ ಅವನು ಕಂತು ತಪ್ಪಿಸಿದ್ರೆ ಬ್ಯಾಂಕಿನವ್ರು ಇವಳನ್ನೇ ಹಿಡೀತಾರೆ. ಅವ್ನು ಸಾಲಾನ ತನ್ನೊಬ್ಬನ ಹೆಸ್ರಿಗೆ ಇನ್ನೊಂದು ಬ್ಯಾಂಕಿಗೆ ಬದಲಾಯಿಸ್ಕೋಬೇಕು, ಅದಾದ ದಿನಾನೇ ಇವಳು ಹಕ್ಕು ಬಿಟ್ಟುಕೊಡೋ ಪತ್ರ ರಿಜಿಸ್ಟರ್ ಮಾಡ್ಬೇಕು ಅಂತ ಬರೆಸಿದ್ರು. ಸಂಬಂಧಪಟ್ಟ ಎರಡು ಜೀವ ಒಳ್ಳೆ ಮನಸ್ಸಿಂದ ಮಾತಾಡಿದ್ರೆ ಸಾಕು ಅಂದ್ಕೊಂಡಿದ್ದ ನಂಗೆ, ಪಕ್ಕದಲ್ಲಿ ಕಾನೂನು ಗೊತ್ತಿರೋವ್ರು ಯಾಕೆ ಬೇಕು ಅಂತ ಅರ್ಥ ಆಗಿದ್ದು ಅವತ್ತೇ.

ಮೂರನೇ ಸಲ ಎಲ್ಲ ಕೆಟ್ಟುಹೋಯ್ತು. ಹುಡುಗನ ಸೋದರಮಾವ ನಾನೂ ಕೂರ್ತೀನಿ ಅಂತ ಒಳಗೆ ಬಂದ್ರು, ಅಕ್ಕನೂ ಸುಮ್ನಿರಲಿಲ್ಲ, ಹಾಗಾದ್ರೆ ನಾನೂ ಅಂತ ಹೋದ್ಲು, ಮದುವೆ ದಿನದ ಊಟದ ವಿಷಯದ ತನಕ ಮಾತು ಹೋಯ್ತು, ಹುಡುಗ ಎದ್ದು ಹೊರಟೇಹೋದ. ಎರಡು ತಿಂಗಳು ಫೋನಿಲ್ಲ. ಆ ಎರಡು ತಿಂಗಳಲ್ಲಿ ಅಕ್ಕ ಮೊದಲ್ನೇ ವಕೀಲರಿಗೆ ಎರಡು ಸಲ ಫೋನ್ ಮಾಡಿದಾಳೆ ಅಂತ ನಂಗೆ ಆಮೇಲೆ ಗೊತ್ತಾಯ್ತು, ಅವಳ ಮೇಲೆ ನಂಗೆ ಸಿಟ್ಟಿಲ್ಲ, ಮಗಳ ಕಣ್ಣೀರು ನೋಡ್ತಾ ಸುಮ್ನೆ ಕೂರೋದು ಸಣ್ಣ ಕೆಲಸ ಅಲ್ಲ. ಹುಡುಗನೇ ಒಂದು ರಾತ್ರಿ ಅವಳಿಗೆ ಮೆಸೇಜ್ ಹಾಕಿದ್ದು, ಮಗಂಗೆ ಹಲ್ಲು ಬಿದ್ದಿದೆಯಂತೆ ಹೌದಾ ಅಂತ. ಅಲ್ಲಿಂದ ಮತ್ತೆ ಶುರು. ಈ ಸಲ ನಿಯಮ ಖಡಕ್ಕು, ಒಳಗೆ ನಾಲ್ಕೇ ಜನ, ಉಳಿದವ್ರು ಇಬ್ರೂ ಒಪ್ಪಿ ಕರೆದ್ರೆ ಮಾತ್ರ.

ನಾಲ್ಕನೇ ಕೂಟದಲ್ಲಿ ಅವ್ನು ತಪ್ಪಾಯ್ತು ಅಂದನಂತೆ. ಏನು ತಪ್ಪು ಅಂತ ನಾನು ಕೇಳಿಲ್ಲ. ಅದನ್ನ ಅವ್ನು ಹೇಳೋಕಾಗಿದ್ದು ಯಾಕಂದ್ರೆ ಈ ಮೇಜಿನಲ್ಲಿ ಆಡಿದ ಮಾತು ಯಾವ ಕೋರ್ಟಲ್ಲೂ ಸಾಕ್ಷಿಯಾಗಿ ತರಲ್ಲ ಅಂತ ನಾಲ್ಕೂ ಜನ ಮೊದಲೇ ಸಹಿ ಹಾಕಿದ್ರು. ಮೀಡಿಯೇಶನ್ನಲ್ಲೂ ಇದು ಮೂಲ ನಿಯಮ, 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲೂ ಗೌಪ್ಯತೆ ಬಗ್ಗೆ ಬೇರೆ ಕಲಮೇ ಇದೆ. ಕೋರ್ಟಲ್ಲಿ ತಪ್ಪಾಯ್ತು ಅಂದ್ರೆ ಅದು ತಪ್ಪೊಪ್ಪಿಗೆ, ಎದುರಿನವ್ರು ಅದನ್ನ ಕೆಂಪು ಪೆನ್ನಲ್ಲಿ ಗುರುತು ಮಾಡ್ಕೋತಾರೆ. ಅಪ್ಪಯ್ಯಂಗೂ ದೊಡ್ಡಪ್ಪಂಗೂ ಅವ್ರ ವಕೀಲರು ಹೇಳಿದ್ದ ಮೊದಲ ಮಾತೇ ಎದುರುಪಾರ್ಟಿ ಹತ್ರ ಏನೂ ಮಾತಾಡ್ಬೇಡಿ ಅಂತ ಇತ್ತು. ವಕೀಲರದ್ದು ಅದ್ರಲ್ಲಿ ತಪ್ಪಿಲ್ಲ. ಇವ್ರು ಅಷ್ಟೂ ವರ್ಷ ಅದನ್ನ ಪಾಲಿಸಿದ್ರು.

ಮಗನ ವಿಷಯಕ್ಕೆ ನನ್ನನ್ನೂ ಒಳಗೆ ಕರೆದ್ರು, ಹುಡುಗನ ಅಮ್ಮನ್ನೂ ಕರೆದ್ರು. ಸಾಮಾನ್ಯವಾಗಿ ಮಗು ತಾಯಿ ಹತ್ರ, ತಂದೆಗೆ ಹದಿನೈದು ದಿನಕ್ಕೊಮ್ಮೆ ಇಷ್ಟು ಗಂಟೆಯಿಂದ ಇಷ್ಟು ಗಂಟೆ ತನಕ ಅಂತ ಆದೇಶ ಆಗೋದನ್ನ ಕೇಳಿದೀವಲ್ಲ, ಅದ್ರಲ್ಲಿ ಜಡ್ಜ್ ತಪ್ಪೇನಿದೆ, ಅವ್ರಿಗೆ ಈ ಹುಡುಗಂಗೆ ಸಮುದ್ರ ಅಂದ್ರೆ ಪ್ರಾಣ ಅಂತ ಹೇಗೆ ಗೊತ್ತಾಗ್ಬೇಕು. ನಮಗೆ ಗೊತ್ತಿತ್ತು. ಹಾಗಾಗಿ ಬರೆದಿದ್ದು ಹೀಗೆ: ಶಾಲೆ ಶಿರಸಿಯಲ್ಲಿ ಅಮ್ಮನ ಜೊತೆ, ಚೌತಿ ಪ್ರತಿ ವರ್ಷ ಕುಮಟಾದಲ್ಲಿ ಅಪ್ಪನ ಮನೆ ಗಣಪತಿ ಎದುರಿಗೆ, ದೊಡ್ಡಹಬ್ಬ ಅಂದ್ರೆ ದೀಪಾವಳಿ ಇಲ್ಲಿ, ಮಾರಿಕಾಂಬೆ ಜಾತ್ರೆ ಬರೋದೇ ಎರಡು ವರ್ಷಕ್ಕೊಮ್ಮೆ, ಅದಕ್ಕೆ ಅಪ್ಪನೇ ಶಿರಸಿಗೆ ಬಂದು ತೊಟ್ಟಿಲಲ್ಲಿ ಕೂರಿಸ್ಬೇಕು. ಬೇಸಿಗೆ ರಜೆಯಲ್ಲಿ ಮೂರು ವಾರ ಅಜ್ಜನ ಜೊತೆ ಸಮುದ್ರ ಮತ್ತೆ ಯಕ್ಷಗಾನ. ರಾತ್ರಿ ಆಟಕ್ಕೆ ಕರ್ಕೊಂಡು ಹೋದ್ರೆ ಮರುದಿನ ನಿದ್ದೆ ಮಾಡೋಕೆ ಬಿಡ್ಬೇಕು ಅನ್ನೋದನ್ನೂ ಹುಡುಗಿ ಬರೆಸಿದ್ಲು. ವಕೀಲರಿಬ್ರೂ ಇದನ್ನೂ ಕರಾರಿನಲ್ಲಿ ಬರೀಬೇಕಾ ಅಂತ ಒಬ್ರ ಮುಖ ಒಬ್ರು ನೋಡ್ಕೊಂಡು, ಬರೆದ್ರು.

ಎಲ್ಲವೂ ಹೀಗೆ ಸರಿಹೋಯ್ತು ಅಂದ್ಕೋಬೇಡಿ. ಬಂಗಾರದಲ್ಲಿ ನಾಲ್ಕು ಬಳೆ ವಾಪಸ್ ಬಂತು, ಅಜ್ಜಿ ಕಾಲದ ಒಂದು ಅವಲಕ್ಕಿ ಸರ ಬರ್ಲಿಲ್ಲ. ಕೊಟ್ಟಿದ್ದು ಯಾರು ಯಾರಿಗೆ ಅನ್ನೋದ್ರಲ್ಲೇ ಎರಡು ಕಡೆಯವ್ರ ನೆನಪು ಬೇರೆ ಬೇರೆ. ಹುಡುಗಿ ಬಿಟ್ಬಿಡಿ ಅಂದ್ಲು. ಅಕ್ಕ ಬಿಟ್ಟಿಲ್ಲ, ಈಗ್ಲೂ ಮದುವೆ ಮನೆಯಲ್ಲಿ ಯಾರ ಕೊರಳಲ್ಲಾದ್ರೂ ಅವಲಕ್ಕಿ ಸರ ಕಂಡ್ರೆ ಅವಳ ಊಟ ಅರ್ಧಕ್ಕೆ ನಿಲ್ಲುತ್ತೆ.

ಅದಾದ್ಮೇಲೆ ಕೋರ್ಟಿಗೆ ಹೋದ್ರು, ಹೋಗ್ಲೇಬೇಕು, ಡಿಕ್ರಿ ಕೊಡೋದು ಕೋರ್ಟೇ. ಅದೇ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಕೆಳಗೆ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಇಬ್ರೂ ಸೇರಿ ಒಂದೇ ಅರ್ಜಿ. ಅದಕ್ಕೆ ಕಡಿಮೆ ಅಂದ್ರೂ ಒಂದು ವರ್ಷ ಬೇರೆ ಇದ್ದಿರ್ಬೇಕು, ಅರ್ಜಿ ಹಾಕಿದ್ಮೇಲೆ ಆರು ತಿಂಗಳು ಕಾದು ಮತ್ತೆ ಬಂದು ಹೌದು ಅನ್ಬೇಕು. ಎಲ್ಲ ವಿಷಯಾನೂ ನಿಜವಾಗಿ ಇತ್ಯರ್ಥ ಆಗಿದ್ರೆ, ಬೇರೆ ಆಗಿ ಸಾಕಷ್ಟು ಕಾಲ ಆಗಿದ್ರೆ ಆ ಆರು ತಿಂಗಳನ್ನ ಕೋರ್ಟು ಬಿಟ್ಟುಕೊಡಬಹುದು ಅಂತ 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಆಗಿದೆ, ಇವ್ರಿಗೂ ಹಾಗೇ ಸಿಕ್ತು. ಜಡ್ಜು ಇಬ್ರನ್ನೂ ಬೇರೆ ಬೇರೆ ಕೇಳಿದ್ರಂತೆ, ಯಾರದ್ದಾದ್ರೂ ಒತ್ತಾಯ ಇದೆಯಾ ಅಂತ. ಅದು ಬರೀ ಶಾಸ್ತ್ರಕ್ಕೆ ಕೇಳೋ ಪ್ರಶ್ನೆ ಅಂತ ನಂಗೆ ಅನ್ನಿಸಲ್ಲ. ಡಿಕ್ರಿ ಆಗೋ ತನಕ ಯಾರು ಬೇಕಾದ್ರೂ ಒಪ್ಪಿಗೆ ವಾಪಸ್ ತಗೋಬೋದು ಅಂತ 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅಂದ್ರೆ ಹೆದರಿಸಿ ಮಾಡಿಸಿದ ರಾಜಿ ಆ ಕಟಕಟೆ ತನಕ ಬಂದು ಮುರಿದು ಬೀಳಬಹುದು. ನನ್ನ ಅತ್ತೆನ ಯಾರಾದ್ರೂ ಒಬ್ರು ಹಾಗೆ ಬೇರೆ ಕೋಣೆಗೆ ಕರೆದು ಕೇಳಿದ್ದಿದ್ರೆ ಅಂತ ಅವತ್ತು ಅನ್ನಿಸ್ತು.

ಒಂದು ಮಾತು ಒತ್ತಿ ಹೇಳ್ಬೇಕು. ಹೊಡೆಯೋ ಗಂಡನ ಜೊತೆ ಮೇಜಿಗೆ ಕೂರಿ ಅಂತ ನಾನು ಯಾರಿಗೂ ಹೇಳಲ್ಲ. ಕರಾವಳಿ ಕಡೆ ನನಗೆ ತುಂಬಾ ಹತ್ರದ ಒಬ್ಬ ಹೆಂಗಸನ್ನ ಅವಳ ಮನೆಯವ್ರೂ ಊರಿನವ್ರೂ ಸೇರಿ ಮೂರು ಸಲ ರಾಜಿ ಮಾಡಿಸಿ ವಾಪಸ್ ಕಳಿಸಿದ್ರು, ಮೂರೂ ಸಲ ಹೊಂದ್ಕೊಂಡು ಹೋಗು ಅನ್ನೋ ಒಂದೇ ಮಾತು, ನಾಲ್ಕನೇ ಸಲ ಅವಳ ಕೈ ಮುರಿದಿತ್ತು. ಅವಳನ್ನ ಕಾಪಾಡಿದ್ದು ಕೋರ್ಟು, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಕೆಳಗೆ ಸಿಕ್ಕ ರಕ್ಷಣಾ ಆದೇಶ. ಎದುರಿಗೆ ಕೂತವನ ಕಣ್ಣು ನೋಡಿದ್ರೆ ಬಾಯಿ ಒಣಗೋ ಹೆಂಗಸಿಗೆ ಒಟ್ಟಿಗೆ ಕೂತು ಮಾತಾಡೋದು ಅಂದ್ರೆ ಇನ್ನೊಂದು ಸಲ ಸೋಲೋದು. ಅಂಥವ್ರು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡ್ಲಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅನ್ನೋ ಚಿಂತೆಯೂ ಬೇಡ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರ್ಲಿ ವಕೀಲರನ್ನ ಉಚಿತವಾಗಿ ಕೊಡ್ತಾರೆ, ತಾಲ್ಲೂಕು ಕೋರ್ಟಲ್ಲೇ ಸಮಿತಿ ಇರುತ್ತೆ, 15100ಕ್ಕೆ ಫೋನ್ ಮಾಡಿದ್ರೂ ಆಗುತ್ತೆ. ಅಲ್ಲೇ ಕೇಳಿದ್ರೆ ಲೋಕ ಅದಾಲತ್ ವಿಷಯಾನೂ ಹೇಳ್ತಾರೆ, ಅಲ್ಲಿ ಆದ ರಾಜಿ ಡಿಕ್ರಿಗೆ ಸಮ, ಅದ್ರ ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟ್ ಫೀಸೂ ವಾಪಸ್ ಬರುತ್ತೆ.

ಈಗ ಅಂಗಳದ ವಿಷಯಕ್ಕೆ ಬರ್ತೀನಿ. ದೊಡ್ಡಪ್ಪನ ಮಗ, ನನಗೆ ಅಣ್ಣ ಆಗ್ಬೇಕು, ಈ ಸಲದ ಕೊಳೆರೋಗಕ್ಕೆ ಅರ್ಧ ಬೆಳೆ ಕಳ್ಕೊಂಡ. ನನ್ನ ತಮ್ಮಂದೂ ಅದೇ ಕತೆ. ನಾನು ಇಬ್ರಿಗೂ ಫೋನ್ ಮಾಡಿ, ಕಾಲುವೆ, ಬೆಟ್ಟದ ದಾರಿ, ಬಾವಿ, ಈ ಮೂರು ವಿಷಯಕ್ಕೆ ಒಂದು ದಿನ ಕೂರೋಣ, ಅತ್ತಿಗೆನೂ ನಾದಿನಿನೂ ಇರ್ಲೇಬೇಕು, ಚಾ ನಾನು ಫ್ಲಾಸ್ಕಲ್ಲಿ ತರ್ತೀನಿ ಅಂದೆ. ಅಣ್ಣ ಸ್ವಲ್ಪ ಹೊತ್ತು ಸುಮ್ನಿದ್ದು, ಚೌತಿ ಮುಗೀಲಿ ನೋಡನ ಅಂದ. ತಮ್ಮ ಅವ್ನು ಬಂದ್ರೆ ನಾನು ಬರ್ತೀನಿ ಅಂದ. ಚೌತಿ ಮುಗಿದು ಎರಡನೇ ಭಾನುವಾರ ಅಂತ ಆಗಿದೆ.

ಕುಮಟಾದ ಅತ್ತೆಗೆ ಈಗ 81. ಈ ಸುದ್ದಿ ಅವಳಿಗೆ ಯಾರು ಹೇಳಿದ್ರೋ, ಮೊನ್ನೆ ರಾತ್ರಿ ಅವಳದ್ದೇ ಫೋನು. ಕಾನೂನು ಪ್ರಕಾರ ನೋಡಿದ್ರೆ ಅವಳಿಗೆ ಕೇಳೋಕೆ ಏನೂ ಉಳಿದಿಲ್ಲ, ಯಾವತ್ತೋ ಬರ್ಕೊಟ್ಟಾಗಿದೆ. ಕಿವಿ ಕೇಳಲ್ಲ ಅವಳಿಗೆ, ಫೋನಲ್ಲಿ ಕೂಗಿಯೇ ಮಾತಾಡೋದು. "ಆನೂ ಬಪ್ಪಲಕ್ಕಾ ತಂಗೀ?" ನಾನೂ ಬರಬಹುದಾ ಅಂತ. ನಂಗೆ ಗಂಟಲು ಕಟ್ಟಿತು, ಹೂಂ ಅತ್ತೆ, ಬೆಳಿಗ್ಗೆ ನಾನೇ ಕಾರು ತರ್ತೀನಿ ಅಂತ ನಾನೂ ಕೂಗಿದೆ. ಹೇಳ್ಬೇಕಾಗಿದ್ದು ಮೂರು ವಿಷಯ ಇದೆಯಂತೆ, ಮರೆತು ಹೋಗುತ್ತೆ ಅಂತ ಕ್ಯಾಲೆಂಡರ್ ಹಿಂದೆ ಬರೆದಿಟ್ಕೊಂಡಿದಾಳಂತೆ. ಎಂತ ಅತ್ತೆ ಅದು ಅಂತ ಕೇಳಿದೆ. ಅಲ್ಲೇ ಜಗಲಿ ಮೇಲೆ ಎಲ್ಲರ ಎದುರಿಗೇ ಹೇಳ್ತೀನಿ ಅಂದು ಫೋನ್ ಇಟ್ಲು.